ಬಾಲ್ಯದಲ್ಲಿ ಕಿವಿಗೆ ಬಿದ್ದ ಹಾಡು ನಮ್ಮನ್ನು ಯಾರನ್ನಾಗಿ ಮಾಡುತ್ತದೆ?

ನನ್ನ ಅಮ್ಮನಿಗೆ ಒಂದು ಹಾಡಿನ ಚರಣದ ಎರಡನೆಯ ಸಾಲು ಎಂದೂ ನೆನಪಿಗೆ ಬರುತ್ತಿರಲಿಲ್ಲ. ಒಗೆದ ಬಟ್ಟೆ ಮಡಚುತ್ತ ಕುಳಿತಾಗ ಆಕೆ ಅದನ್ನು ಹಾಡಿಕೊಳ್ಳುತ್ತಿದ್ದಳು. ಪಲ್ಲವಿ ಸರಾಗವಾಗಿ ಬರುತ್ತಿತ್ತು, ಚರಣದ ಮೊದಲ ಸಾಲಿಗೂ ತೊಡಕಿರಲಿಲ್ಲ. ಅಲ್ಲಿಂದ ಮುಂದಕ್ಕೆ ತುಟಿ ಮುಚ್ಚಿಕೊಂಡು ಗುನುಗುತ್ತ, ಕೈಯಲ್ಲಿದ್ದ ಅಂಗಿಯ ತೋಳನ್ನು ಒಳಕ್ಕೆ ಮಡಚಿ, ಮೂರನೆಯ ಸಾಲಿಗೆ ಮತ್ತೆ ಬಾಯಿ ತೆರೆಯುತ್ತಿದ್ದಳು. ನನಗೆ ಮೂವತ್ತು ದಾಟಿದ ಮೇಲೆ ಒಂದು ದಿನ ಆ ಹಾಡಿನ ಮೂಲ ಧ್ವನಿಮುದ್ರಿಕೆ ಕಿವಿಗೆ ಬಿತ್ತು. ಎರಡನೆಯ ಸಾಲಿನಲ್ಲಿ ಗಾಯಕಿ ಸ್ಪಷ್ಟವಾದ ಮಾತುಗಳನ್ನು ಹಾಡಿದಳು. ನನಗೆ ಥಟ್ಟನೆ ಅನ್ನಿಸಿದ್ದು, ಈಕೆ ತಪ್ಪು ಹಾಡುತ್ತಿದ್ದಾಳೆ ಎಂದು.

ಮರುಕ್ಷಣವೇ ನಗು ಬಂತು, ಆದರೆ ಆ ಅಸಮಾಧಾನ ಹೋಗಲಿಲ್ಲ. ಈಗಲೂ ಆ ಧ್ವನಿಮುದ್ರಿಕೆ ಕೇಳಿದರೆ ಎರಡನೆಯ ಸಾಲಿನಲ್ಲಿ ಏನೋ ಎಡವಿದಂತಾಗುತ್ತದೆ. ಆ ಹಾಡು ನನಗೆ ಇಷ್ಟವೇ ಎಂದು ಕೇಳಿದರೆ ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ಇಷ್ಟಾನಿಷ್ಟದ ಪ್ರಶ್ನೆಯೇ ಏಳದಷ್ಟು ಹತ್ತಿರದಲ್ಲಿ ಅದು ಇದೆ, ನನ್ನ ಮೂಗಿನ ಹಾಗೆ.

ಸಂಗೀತ ಮತ್ತು ಅಸ್ಮಿತೆಯ ಬಗ್ಗೆ ಈಚೆಗೆ ನಡೆಯುವ ಚರ್ಚೆಯೆಲ್ಲ ಈ ಇಷ್ಟಾನಿಷ್ಟದ ಸುತ್ತಲೇ ತಿರುಗುತ್ತದೆ. ವರ್ಷದ ಕೊನೆಗೆ ಸಂಗೀತದ ಆ್ಯಪ್‌ಗಳು ‘ನೀವು ಕೇಳಿದ್ದು ಇವು, ಹಾಗಾಗಿ ನೀವು ಇಂಥವರು’ ಎಂದು ಬಣ್ಣಬಣ್ಣದ ಪಟ್ಟಿ ಕಳುಹಿಸುತ್ತವೆ, ಜನ ಅದನ್ನು ಜಾತಕದಂತೆ ಹಂಚಿಕೊಳ್ಳುತ್ತಾರೆ. ನಮ್ಮ ಸಂಗೀತದ ರುಚಿ ಹದಿನಾಲ್ಕನೆಯ ವಯಸ್ಸಿಗೇ ಹೆಪ್ಪುಗಟ್ಟುತ್ತದೆ ಎನ್ನುವ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತದೆ. ಅದರಲ್ಲಿ ಸತ್ಯ ಇಲ್ಲದಿಲ್ಲ, ಮುಂದೆ ಅದಕ್ಕೆ ಬರುತ್ತೇನೆ. ಆದರೆ ನನಗೆ ತೋರುವ ಮಟ್ಟಿಗೆ ಬಾಲ್ಯದ ಸಂಗೀತ ರುಚಿಯನ್ನು ನಿರ್ಧರಿಸುವುದು ಕಡಿಮೆ. ಅದು ಮಾಡುವ ದೊಡ್ಡ ಕೆಲಸ ಎರಡು: ಕಿವಿಗೆ ಒಂದು ವ್ಯಾಕರಣ ಕಲಿಸುತ್ತದೆ, ಮತ್ತು ಯಾರು ನಮ್ಮವರು ಎಂಬುದನ್ನು ಹೇಳಿಕೊಡುತ್ತದೆ. ಎರಡೂ ನಮ್ಮನ್ನು ಕೇಳದೆಯೇ ನಡೆದುಹೋಗುತ್ತವೆ.

ಪಾಠ ಶುರುವಾಗುವುದು ಹುಟ್ಟುವ ಮೊದಲೇ. ಬಸಿರಿನ ಕೊನೆಯ ಮೂರು ತಿಂಗಳ ಹೊತ್ತಿಗೆ ಒಳಗಿನ ಕೂಸಿಗೆ ಕಿವಿ ಕೇಳಿಸುತ್ತದೆ. ತಾಯಿಯ ಮೈಯನ್ನು ದಾಟಿ ಬರುವ ಸದ್ದಿನಲ್ಲಿ ಎತ್ತರದ ಶ್ರುತಿಯ ಕಂಪನಗಳು ಸೋಸಿಹೋಗುತ್ತವೆ. ಮಾತಿನ ವ್ಯಂಜನಗಳು ಮಸುಕಾಗುತ್ತವೆ, ದನಿಯ ಏರಿಳಿತ ಮತ್ತು ಲಯ ಉಳಿಯುತ್ತವೆ. ಗೋಡೆಯಾಚೆ ಯಾರೋ ಮಾತಾಡುತ್ತಿದ್ದರೆ ಪದ ತಿಳಿಯದಿದ್ದರೂ ಧಾಟಿ ತಿಳಿಯುತ್ತದಲ್ಲ, ಹಾಗೆ. ಎಂದರೆ ಕೂಸು ಭಾಷೆಯನ್ನು ಮೊದಲು ಕೇಳಿಸಿಕೊಳ್ಳುವುದೇ ರಾಗವಾಗಿ. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು ಗರ್ಭಿಣಿಯರಿಂದ ಕೊನೆಯ ಆರು ವಾರ ಒಂದೇ ಮಕ್ಕಳ ಕಥೆಯನ್ನು ದಿನವೂ ಗಟ್ಟಿಯಾಗಿ ಓದಿಸಿದರು. ಹುಟ್ಟಿದ ಮೇಲೆ, ಚೀಪುವ ಗತಿಗೆ ತಕ್ಕಂತೆ ಕೇಳಿಸುವ ಕಥೆ ಬದಲಾಗುವ ಏರ್ಪಾಡಿನಲ್ಲಿ ಮಕ್ಕಳು ತಾವು ಚೀಪುವ ಗತಿಯನ್ನು ಬದಲಿಸಿ, ಹೊಸ ಕಥೆಗಿಂತ ಆ ಹಳೆಯ ಕಥೆಯನ್ನೇ ಆರಿಸಿಕೊಂಡವು. 2013ರಲ್ಲಿ ಹೆಲ್ಸಿಂಕಿಯ ತಂಡವೊಂದು ಇದನ್ನೇ ಸಂಗೀತದಲ್ಲಿ ನೋಡಿತು. ಬಸಿರಿನಲ್ಲಿದ್ದಾಗ ಒಂದು ಸರಳ ಶಿಶುಗೀತೆಯನ್ನು ಪದೇ ಪದೇ ಕೇಳಿದ ಮಕ್ಕಳ ಮಿದುಳು ಹುಟ್ಟಿದ ಮೇಲೆ ಆ ಧಾಟಿಗೆ ಬೇರೆಯವಕ್ಕಿಂತ ಬಲವಾಗಿ ಸ್ಪಂದಿಸಿತು. ನಾಲ್ಕು ತಿಂಗಳು ಕಳೆದ ಮೇಲೂ ಆ ವ್ಯತ್ಯಾಸ ಉಳಿದಿತ್ತು.

ಇಂಥ ಸುದ್ದಿ ಓದಿದ ಕೂಡಲೇ ಹೊಟ್ಟೆಯ ಮೇಲೆ ಹೆಡ್‌ಫೋನ್ ಇಟ್ಟುಕೊಳ್ಳುವವರಿದ್ದಾರೆ. ಅವರಿಗಾಗಿ ಒಂದು ಹಳೆಯ ಪ್ರಸಂಗ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಮೊಜಾರ್ಟ್‌ನ ಕೃತಿಯೊಂದನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಮುಂದಿದ್ದರು ಎಂದಷ್ಟೇ ಅದು ಹೇಳಿತ್ತು. ಪಾಲ್ಗೊಂಡವರು 36 ಮಂದಿ, ಅವರಲ್ಲಿ ಒಂದೂ ಕೂಸು ಇರಲಿಲ್ಲ. ಐದೇ ವರ್ಷದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆ ಕೊಡಲು 1,05,000 ಡಾಲರ್ ಕೇಳಿದರು. ಮಕ್ಕಳನ್ನು ಜಾಣರನ್ನಾಗಿಸುವ ಆಸೆಗೆ ಪುರಾವೆ ಬೇಕಾಗುವುದಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ. ಗರ್ಭದಲ್ಲಿ ಕೇಳಿದ ಹಾಡು ಬುದ್ಧಿಯನ್ನು ಹೆಚ್ಚಿಸುತ್ತದೆ ಎಂದು ಹೆಲ್ಸಿಂಕಿಯವರು ತೋರಿಸಿಲ್ಲ. ಅವರು ತೋರಿಸಿದ್ದು ಪರಿಚಯ, ಅಷ್ಟೇ. ಅಸ್ಮಿತೆಯ ದೃಷ್ಟಿಯಿಂದ ನೋಡಿದರೆ ಪರಿಚಯವೇ ದೊಡ್ಡದು.

ವ್ಯಾಕರಣದ ಮಾತಿಗೆ ಬರೋಣ. ಎಲ್ಲ ಭಾಷೆಗಳ ಧ್ವನಿಗಳನ್ನೂ ಪ್ರತ್ಯೇಕವಾಗಿ ಗುರುತಿಸಬಲ್ಲ ಹಸುಳೆ ವರ್ಷ ತುಂಬುವಷ್ಟರಲ್ಲಿ ತನ್ನ ಮನೆಯ ಭಾಷೆಯ ಧ್ವನಿಗಳಿಗೆ ಒಗ್ಗಿಕೊಂಡು ಉಳಿದವನ್ನು ಕೈಬಿಡುತ್ತದೆ ಎನ್ನುವುದು ಬಹಳ ಕಾಲದಿಂದ ತಿಳಿದದ್ದು. ತಾಳದ ವಿಷಯದಲ್ಲೂ ಹೀಗೆಯೇ ಆಗುತ್ತದೆ ಎಂದು 2005ರಲ್ಲಿ ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ತೋರಿಸಿದರು. ಅವರು ಬಳಸಿದ್ದು ಬಾಲ್ಕನ್ ಪ್ರದೇಶದ ಜನಪದ ಸಂಗೀತ. ಅದರಲ್ಲಿ ಮೂರು ಮತ್ತು ನಾಲ್ಕನ್ನು ಬೆಸೆದ ಏಳರ ನಡೆ, ಅಂದರೆ ನಮ್ಮ ತಾಳದ ಪರಿಭಾಷೆಯಲ್ಲಿ ಮಿಶ್ರ ಎನ್ನುವ ಬಗೆಯ ಎಣಿಕೆ ಸಾಮಾನ್ಯ. ಆ ನಡೆಯನ್ನು ನಡುವೆ ಕೆಡಿಸಿದರೆ ಬಾಲ್ಕನ್ ಮೂಲದ ದೊಡ್ಡವರಿಗೆ ಕೂಡಲೇ ತಿಳಿಯುತ್ತದೆ. ಎರಡು ಮತ್ತು ನಾಲ್ಕರ ಸಮ ನಡೆಯಲ್ಲೇ ಬೆಳೆದ ಉತ್ತರ ಅಮೆರಿಕದ ದೊಡ್ಡವರಿಗೆ ತಿಳಿಯುವುದಿಲ್ಲ. ಆದರೆ ಅದೇ ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳಿಗೆ ತಿಳಿಯುತ್ತದೆ! ಹನ್ನೆರಡು ತಿಂಗಳಾದಾಗ ಅವೂ ದೊಡ್ಡವರಂತಾಗಿರುತ್ತವೆ.

ಪ್ರಯೋಗ ಅಲ್ಲಿಗೇ ನಿಲ್ಲಲಿಲ್ಲ. ಹನ್ನೆರಡು ತಿಂಗಳ ಮಕ್ಕಳಿಗೆ ಮನೆಯಲ್ಲಿ ಎರಡು ವಾರ ಬಾಲ್ಕನ್ ಸಂಗೀತ ಕೇಳಿಸಿದಾಗ ಕಳೆದುಕೊಂಡಿದ್ದು ಮರಳಿ ಬಂತು. ದೊಡ್ಡವರಿಗೂ ಹೀಗೆಯೇ ಕೇಳಿಸಿದರು, ಮಕ್ಕಳಿಗಾದಷ್ಟು ಪ್ರಯೋಜನ ಆಗಲಿಲ್ಲ. ಒಂದು ವರ್ಷದ ಮಗುವಿನಲ್ಲಿ ಬಾಗಿಲು ಮುಚ್ಚಿದ್ದರೂ ಚಿಲಕ ಬಿದ್ದಿರುವುದಿಲ್ಲ ಎನ್ನಬಹುದು.

ಸ್ವರಗಳ ವಿಷಯ ಇನ್ನೂ ಸೋಜಿಗದ್ದು. ಕೆಲವು ಸ್ವರಗಳು ಒಟ್ಟಿಗೆ ನುಡಿದರೆ ಇಂಪು, ಕೆಲವು ಕರ್ಕಶ ಎನ್ನುವುದು ಪ್ರಕೃತಿಯ ನಿಯಮ ಎಂದು ಪಾಶ್ಚಾತ್ಯ ಪಂಡಿತರು ಪೈಥಾಗೊರಸನ ಕಾಲದಿಂದ ನಂಬಿಕೊಂಡು ಬಂದಿದ್ದರು. 2016ರಲ್ಲಿ ಜೋಶ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಬೊಲಿವಿಯಾದ ಮಳೆಕಾಡಿನ ಚಿಮಾನೆ ಜನರ ಬಳಿ ಹೋಗಿ ಆ ಎರಡೂ ಬಗೆಯ ಸ್ವರಗುಚ್ಛಗಳನ್ನು ಕೇಳಿಸಿದರು. ಚಿಮಾನೆಗಳಿಗೆ ಎರಡೂ ಒಂದೇ ಸಮನೆ ಹಿತವಾಗಿದ್ದವು. ಬೇರೆ ಬೇರೆ ಎಂದು ಗುರುತಿಸಲಾರದೆ ಅಲ್ಲ, ಗುರುತಿಸಿಯೂ ಒಂದನ್ನು ಕೆಟ್ಟದ್ದು ಎನ್ನಲಿಲ್ಲ. ಆಸ್ಥಾನಗಳೂ ಚರ್ಚುಗಳೂ ಇಂಪಿನ ಶಾಸ್ತ್ರ ಎಂದು ಕಟ್ಟಿದ್ದರಲ್ಲಿ ಬಾಲ್ಯದ ರೂಢಿಯ ಪಾಲೂ ದೊಡ್ಡದಿದೆ ಎಂದಾಯಿತು. ‘ಅದೇನು ಸಂಗೀತವೋ, ಬರೀ ಗದ್ದಲ’ ಎಂದು ಇನ್ನೊಬ್ಬರ ಹಾಡಿನ ಬಗ್ಗೆ ನಾವು ಹೇಳುವಾಗ, ಹಾಗೆ ಹೇಳಿಸುವುದು ಬಹಳ ಸಲ ಒಂದು ವರ್ಷದ ಕೂಸಾಗಿದ್ದ ನಮ್ಮದೇ ಕಿವಿ.

ಇಲ್ಲಿಯವರೆಗಿನದು ಕಿವಿಯ ಕಥೆ. ಅಸ್ಮಿತೆ ನಿಜವಾಗಿ ಹುಟ್ಟುವುದು ಹಾಡಿನ ಹಿಂದೆ ಒಂದು ಮುಖ ಕಾಣಿಸಿಕೊಂಡಾಗ.

ಸ್ಯಾಮ್ಯುಯೆಲ್ ಮೆಹರ್, ಲೀ ಆ್ಯನ್ ಸಾಂಗ್ ಮತ್ತು ಎಲಿಜಬೆತ್ ಸ್ಪೆಲ್ಕೆ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ಇಡೀ ಕ್ಷೇತ್ರದಲ್ಲೇ ಬಹಳ ಹಿಡಿಸಿದ್ದು. ಐದು ತಿಂಗಳ ಕೂಸುಗಳ ಅಪ್ಪ ಅಮ್ಮಂದಿರಿಗೆ ಒಂದು ಹೊಸ ಹಾಡು ಕಲಿಸಿ, ಮನೆಯಲ್ಲಿ ಒಂದೆರಡು ವಾರ ಹಾಡಲು ಹೇಳಿದರು. ಬಳಿಕ ಕೂಸಿಗೆ ಇಬ್ಬರು ಅಪರಿಚಿತರನ್ನು ತೆರೆಯ ಮೇಲೆ ತೋರಿಸಿದರು. ಒಬ್ಬರು ಮನೆಯಲ್ಲಿ ಕೇಳಿದ ಹಾಡನ್ನು ಹಾಡಿದರು, ಇನ್ನೊಬ್ಬರು ಅದೇ ಮಾತುಗಳಿಗೆ ಬೇರೆ ರಾಗ ಹಾಕಿ ಹಾಡಿದರು. ಹಾಡು ನಿಂತ ಮೇಲೆ ಇಬ್ಬರೂ ಮೌನವಾಗಿ ನಕ್ಕಾಗ ಕೂಸು ಹೆಚ್ಚು ಹೊತ್ತು ನೋಡಿದ್ದು ತನ್ನ ಮನೆಯ ರಾಗ ಹಾಡಿದವರನ್ನು. ಮನೆಯಲ್ಲಿ ಎಷ್ಟು ಹೆಚ್ಚು ಹಾಡಿದ್ದರೋ ನೋಟವೂ ಅಷ್ಟು ಹೆಚ್ಚು. ಇವರು ನಮ್ಮ ಕಡೆಯವರಿರಬೇಕು ಎಂಬ ಲೆಕ್ಕಾಚಾರ ಮಾತು ಬಾರದ ಆ ತಲೆಯಲ್ಲಿ ನಡೆದಿರಬೇಕು.

ಇದಕ್ಕಿಂತ ಮುಖ್ಯವಾದದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಬೇರೆ ಕೆಲವು ಕೂಸುಗಳು ಅದೇ ಹಾಡನ್ನು ಹಾಡುವ ಆಟಿಕೆಯಿಂದ ಕಲಿತವು. ಇನ್ನು ಕೆಲವು, ಅಷ್ಟಾಗಿ ಪರಿಚಯವಿಲ್ಲದ ಒಬ್ಬ ವ್ಯಕ್ತಿ ಹೆಚ್ಚಾಗಿ ವೀಡಿಯೊ ಕರೆಯಲ್ಲಿ ಹಾಡಿದ್ದನ್ನು ಕೇಳಿ ಕಲಿತವು. ಪರೀಕ್ಷೆಯಲ್ಲಿ ಈ ಮಕ್ಕಳು ಇಬ್ಬರು ಅಪರಿಚಿತರನ್ನೂ ಒಂದೇ ಸಮನೆ ನೋಡಿದವು. ಹಾಡು ಮರೆತಿತ್ತೆ? ಇಲ್ಲ. ಎಂಟು ತಿಂಗಳ ಮೇಲೆ ಕೇಳಿಸಿದಾಗಲೂ ಅವಕ್ಕೆ ಅದರ ಗುರುತು ಹತ್ತಿತು. ಆಟಿಕೆ ಹಾಡಿದ ಹಾಡು ನೆನಪಿನಲ್ಲಿ ಉಳಿಯುತ್ತದೆ, ಆದರೆ ಅದಕ್ಕೆ ಯಾರ ಕಡೆಯವರೂ ಇಲ್ಲ. ಹೆತ್ತವರು ಹಾಡಿದ ಹಾಡು ಮಾತ್ರ ನಂಟಿನ ಗುರುತಾಗುತ್ತದೆ. ನನ್ನ ಅಮ್ಮನ ಎರಡನೆಯ ಸಾಲಿಗೆ ನಾನು ಮೂಲ ಗಾಯಕಿಯನ್ನು ಒಪ್ಪದಿದ್ದುದಕ್ಕೆ ಕಾರಣ ಇಲ್ಲೇ ಎಲ್ಲೋ ಇದೆ.

ಮನೆಯಲ್ಲಿ ಹಾಡುವವರು ಸುಮ್ಮನೆ ಬಾಯಿಗೆ ಬಂದಂತೆ ಹಾಡುತ್ತಾರೆ ಎಂದುಕೊಂಡಿದ್ದರೆ ಅದೂ ತಪ್ಪು. ತಾಯಂದಿರು ಒಂದೇ ಹಾಡನ್ನು ಕೂಸಿಗೆ ವಾರಕ್ಕೂ ಹೆಚ್ಚು ಅಂತರದಲ್ಲಿ ಎರಡು ಸಲ ಹಾಡಿದ್ದನ್ನು ಬರ್ಗಸನ್ ಮತ್ತು ಟ್ರೆಹಬ್ 2002ರಲ್ಲಿ ಅಳೆದು ನೋಡಿದರು. ಶ್ರುತಿಯಲ್ಲಿ ಸರಾಸರಿ ಅರೆಸ್ವರದಷ್ಟೂ ವ್ಯತ್ಯಾಸವಿರಲಿಲ್ಲ, ವೇಗದಲ್ಲಿ ಶೇ 3ರಷ್ಟು ಮಾತ್ರ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿದವರಲ್ಲ ಇವರು. ಕೂಸಿನ ಮಟ್ಟಿಗೆ ಆ ಹಾಡು ಪ್ರತಿ ಸಲವೂ ಅದೇ ಹಾಡು, ಅದೇ ಎತ್ತರ, ಅದೇ ನಡೆ. ದಿನವೂ ಒಂದೇ ಬಾಗಿಲಿನಿಂದ ಮನೆಗೆ ಬಂದಂತೆ.

ಹಾಡಿನ ಜೊತೆಗೆ ತೂಗಾಟವೂ ಇರುತ್ತದೆಂಬುದನ್ನು ಮರೆಯಬಾರದು. ಹದಿನಾಲ್ಕು ತಿಂಗಳ ಮಕ್ಕಳನ್ನು ಎದೆಗೆ ಕಟ್ಟಿಕೊಂಡು ಸಂಗೀತಕ್ಕೆ ಕುಣಿಸುವಾಗ ಎದುರಿನವರು ಅದೇ ಲಯಕ್ಕೆ ಕುಣಿದರೆ, ಆಮೇಲೆ ಅವರ ಕೈಯಿಂದ ಬಿದ್ದ ವಸ್ತುವನ್ನು ಮಗು ಎತ್ತಿಕೊಡುವ ಸಂಭವ ಹೆಚ್ಚು. ಲಯ ತಪ್ಪಿಸಿ ಕುಣಿದವರಿಗೆ ಅಷ್ಟು ನೆರವಿಲ್ಲ. ಇದು ಲಾರಾ ಚಿರೆಲ್ಲಿ ಮತ್ತು ಸಂಗಡಿಗರು 2014ರಲ್ಲಿ ಕಂಡದ್ದು. ಒಟ್ಟಿಗೆ ಹೆಜ್ಜೆ ಹಾಕುವವರು ಒಂದಾಗುತ್ತಾರೆ ಎಂದು ಸೈನ್ಯಗಳಿಗೂ ಭಜನೆಯ ಗುಂಪುಗಳಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೆಲದ ಮೇಲೆ ಹೆಜ್ಜೆಯನ್ನೇ ನೆಟ್ಟಗೆ ಊರದ ಮಗುವಿನಲ್ಲೂ ಅದು ಕೆಲಸ ಮಾಡುತ್ತದೆ ಎನ್ನುವುದು ಹೊಸದು.

ಈ ಕಥೆಯನ್ನು ಸಿಹಿಯಾಗಿಯೇ ಮುಗಿಸುವವರು ಬಹಳ. ಅದಕ್ಕೆ ಕಹಿಯ ಬದಿಯೂ ಇದೆ. ನಾಲ್ಕೈದು ವರ್ಷದ ಮಕ್ಕಳು ಗೆಳೆಯರನ್ನು ಆರಿಸುವಾಗ ಹಾಡನ್ನು ಹೇಗೆ ಬಳಸುತ್ತಾರೆಂದು ಗಯೆ ಸೊಲೆ ಮತ್ತು ಸ್ಪೆಲ್ಕೆ 2016ರಲ್ಲಿ ಪರೀಕ್ಷಿಸಿದರು. ತಮಗೆ ಗೊತ್ತಿರುವ ಹಾಡು ಗೊತ್ತಿದ್ದ ಮಕ್ಕಳನ್ನು ಅವರು ಆರಿಸಿಕೊಂಡರು. ಎದುರಿನ ಮಗುವಿಗೆ ಆ ಹಾಡು ಇಷ್ಟವೋ ಅಲ್ಲವೋ ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಗೊತ್ತಿದ್ದರೆ ಸಾಕು. ಅಷ್ಟಕ್ಕೇ ಬಿಡದೆ, ತಮಗೆ ಗೊತ್ತಿಲ್ಲದ ಹಾಡು ತಿಳಿದಿದ್ದ ಮಕ್ಕಳನ್ನು ದೂರವಿಟ್ಟರು. ಹಾಡು ಸೇತುವೆ ಎಂದು ವೇದಿಕೆಯ ಮೇಲೆ ಹೇಳುವವರು ಅದು ಬೇಲಿಯೂ ಹೌದು ಎಂಬುದನ್ನು ಹೇಳುವುದಿಲ್ಲ. ಸರ್ವಾಧಿಕಾರಿಗಳು ಇದನ್ನು ಚೆನ್ನಾಗಿ ಬಲ್ಲರು. ನಾಜಿ ಜರ್ಮನಿಯ ಬಾಲಕರ ಪಡೆಗಳಲ್ಲಿ ಒಟ್ಟಿಗೆ ಹಾಡಿಸುವುದಕ್ಕೆ ಅಷ್ಟೊಂದು ಹೊತ್ತು ಮೀಸಲಿಟ್ಟಿದ್ದು ಮಕ್ಕಳ ಕಂಠಮಾಧುರ್ಯದ ಮೇಲಿನ ಕಾಳಜಿಯಿಂದಲ್ಲ.

ಬಾಲ್ಯದ ಹಾಡಿನ ಬಲದ ಬಗ್ಗೆ ಮೊದಲು ಗಾಬರಿಗೊಂಡವರೂ ಸೈನ್ಯದವರೇ ಇರಬೇಕು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ ಒಂದು ಕಾಯಿಲೆಗೆ ‘ನಾಸ್ಟಾಲ್ಜಿಯ’ ಎಂದು ಹೆಸರಿಟ್ಟ. ಗ್ರೀಕ್‌ನಲ್ಲಿ ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಪರದೇಶಗಳ ದೊರೆಗಳಿಗೆ ಕೂಲಿಗೆ ಕಾದಾಡುತ್ತಿದ್ದ ಸ್ವಿಸ್ ಸಿಪಾಯಿಗಳಿಗೆ ಅದು ತಗಲುತ್ತದೆ, ಹಸು ಮೇಯಿಸುವವರು ಊದುವ ‘ರಾಂಜ್ ದೆ ವಾಶ್’ ಎಂಬ ಧಾಟಿ ಕೇಳಿದರೆ ಉಲ್ಬಣಿಸುತ್ತದೆ ಎಂಬ ಮಾತು ಬೆಳೆಯಿತು. ಅದನ್ನು ಪಡೆಯಲ್ಲಿ ನುಡಿಸಿದರೆ ಮರಣದಂಡನೆ ಎಂಬ ನಿಷೇಧವಿತ್ತು, ಕೇಳಿದವರು ಅಳುತ್ತಿದ್ದರು, ಪಡೆ ಬಿಟ್ಟು ಓಡುತ್ತಿದ್ದರು ಅಥವಾ ಸಾಯುತ್ತಿದ್ದರು ಎಂದು ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆಯುತ್ತಾನೆ. ಉತ್ಪ್ರೇಕ್ಷೆ ಇದ್ದೀತು. ಆದರೆ ಅದರ ಬೆನ್ನಿಗೇ ಅವನು ಮಾಡುವ ವಿಶ್ಲೇಷಣೆ ಇವತ್ತಿಗೂ ಮಾಸಿಲ್ಲ. ಆ ಧಾಟಿಯಲ್ಲಿ ಈ ಪರಿಣಾಮಕ್ಕೆ ತಕ್ಕ ಗುಣವೇನೂ ಇಲ್ಲ, ಪರಕೀಯರ ಮೇಲೆ ಅದು ಏನೂ ಮಾಡುವುದಿಲ್ಲ, ಅಲ್ಲಿ ಸಂಗೀತ ಸಂಗೀತವಾಗಿ ಕೆಲಸ ಮಾಡದೆ ನೆನಪಿನ ಕುರುಹಾಗಿ ಕೆಲಸ ಮಾಡುತ್ತದೆ ಎನ್ನುತ್ತಾನೆ ಆತ. ಪ್ರಯೋಗಾಲಯ, ಮಿದುಳಿನ ಚಿತ್ರ ಏನೂ ಇಲ್ಲದೆ ರೂಸೋ ತಲುಪಿದ ಜಾಗಕ್ಕೆ ಮನೋವಿಜ್ಞಾನ ಬಂದದ್ದು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಸುತ್ತಿ.

ಇನ್ನು ಆ ಹದಿನಾಲ್ಕರ ಮಾತು. ವಯಸ್ಸಾದವರನ್ನು ಬದುಕಿನ ನೆನಪು ಹೇಳಿ ಎಂದರೆ ಹತ್ತರಿಂದ ಮೂವತ್ತರೊಳಗಿನ ನೆನಪುಗಳೇ ದಟ್ಟವಾಗಿ ಬರುತ್ತವೆ. ಇದನ್ನು ನೆನಪಿನ ಉಬ್ಬು ಎನ್ನುತ್ತಾರೆ. ಹಾಡುಗಳಲ್ಲೂ ಅದು ಎದ್ದು ಕಾಣುತ್ತದೆ. 2018ರಲ್ಲಿ ಸೇತ್ ಸ್ಟೀಫನ್ಸ್-ಡೇವಿಡೋವಿಟ್ಸ್ ಎಂಬ ದತ್ತಾಂಶ ತಜ್ಞ ಸ್ಪಾಟಿಫೈ ಎಂಬ ಸಂಗೀತದ ಆ್ಯಪ್‌ನ ಅಂಕಿಅಂಶಗಳನ್ನು ಜಾಲಾಡಿ, ಗಂಡಸರ ರುಚಿ ಕುದುರುವುದರಲ್ಲಿ 13ರಿಂದ 16ರ ವಯಸ್ಸು, ಹೆಂಗಸರಿಗೆ 11ರಿಂದ 14 ಬಹಳ ಮುಖ್ಯ ಎಂದ. ಅವನು ನೋಡಿದ್ದು ಜನಪ್ರಿಯತೆಯ ಪಟ್ಟಿಯಲ್ಲಿ ಮೇಲೇರಿದ ಹಾಡುಗಳನ್ನು ಮಾತ್ರ. 1989ರಲ್ಲಿ ಹೋಲ್ಬ್ರೂಕ್ ಮತ್ತು ಶಿಂಡ್ಲರ್ ಇದೇ ಪ್ರಶ್ನೆ ಕೇಳಿ ಕಂಡುಕೊಂಡ ವಯಸ್ಸು 24ರ ಹತ್ತಿರ. ಹತ್ತು ವರ್ಷದ ಅಂತರ ಸಣ್ಣದಲ್ಲ. ಹಾಗಾಗಿ ಯಾರಾದರೂ ಒಂದು ವಯಸ್ಸನ್ನು ಬೆರಳು ಮಡಚಿ ಹೇಳಿದರೆ ನಂಬುವ ಅವಸರ ಬೇಡ. ಹದಿಹರೆಯದಲ್ಲಿ ಏನೋ ಆಗುತ್ತದೆ, ಅಷ್ಟು ನಿಜ. ಮೊದಲ ಗೆಳೆತನ, ಮೊದಲ ಅವಮಾನ, ಮೊದಲ ಬಾರಿ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಇವೆಲ್ಲ ನಡೆಯುವಾಗ ಹಿನ್ನೆಲೆಯಲ್ಲಿ ಹಾಡು ಇರುತ್ತದೆ. ಮುಖ್ಯವಾಗಿ, ಅದು ನಾವೇ ಆರಿಸಿದ ಹಾಡು, ಎಷ್ಟೋ ಸಲ ಮನೆಯವರಿಗೆ ಕಿರಿಕಿರಿಯಾಗಲಿ ಎಂದೇ ಆರಿಸಿದ್ದು. ಕಿರಿಕಿರಿ ಮಾಡಬೇಕಾದರೂ ಮನೆಯವರ ಹಾಡು ಯಾವುದೆಂದು ಗೊತ್ತಿರಬೇಕಷ್ಟೆ.

ಆರಿಸಿದ ಹಾಡಿನ ಕೆಳಗೆ ಆರಿಸದ ಹಾಡು ಹೇಗೆ ಉಳಿದಿರುತ್ತದೆ ಎಂಬುದಕ್ಕೆ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಬೇಕು. ಸರಾಸರಿ ಇಪ್ಪತ್ತು ವಯಸ್ಸಿನ 62 ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳು ಹೆಚ್ಚು ನೆನಪು ತಂದದ್ದರಲ್ಲಿ ವಿಶೇಷವಿಲ್ಲ. ಆದರೆ ಅವರು ಹುಟ್ಟುವುದಕ್ಕೂ ಮುಂಚಿನ, 1980ರ ದಶಕದ ಮೊದಲ ವರ್ಷಗಳ ಹಾಡುಗಳಲ್ಲಿ ಇನ್ನೊಂದು ಉಬ್ಬು ಕಾಣಿಸಿತು. ಅದು ಅವರ ಅಪ್ಪ ಅಮ್ಮಂದಿರ ಯೌವನದ ಕಾಲ. 1960ರ ದಶಕದ ಹಾಡುಗಳಲ್ಲಿ ಮತ್ತೊಂದು ಸಣ್ಣ ಉಬ್ಬು, ಬಹುಶಃ ಅಜ್ಜ ಅಜ್ಜಿಯರದು. ಯಾವ ಹೆತ್ತವರೂ ಮಕ್ಕಳನ್ನು ಕೂರಿಸಿಕೊಂಡು ‘ಇದು ನನ್ನ ಯೌವನದ ಹಾಡು, ಕಲಿ’ ಎಂದು ಪಾಠ ಮಾಡಿರಲಾರರು. ಕಾರು ಓಡಿಸುವಾಗ, ಪಾತ್ರೆ ತೊಳೆಯುವಾಗ, ಮನೆ ಗುಡಿಸುವಾಗ ಹಾಕಿಕೊಂಡ ಹಾಡು ಪಕ್ಕದಲ್ಲಿ ಆಡುತ್ತಿದ್ದ ಮಗುವಿನ ಕಿವಿಗೂ ಬಿದ್ದಿರುತ್ತದೆ. ತಾನು ಹುಟ್ಟಿರದ ಕಾಲದ ನೆನಪನ್ನು ಮಗು ತನ್ನದೆಂದೇ ಬೆಳೆಸಿಕೊಳ್ಳುತ್ತದೆ.

ಕ್ಯಾಸೆಟ್ ಕಾಲದಲ್ಲಿ ಬೆಳೆದವರಿಗೆ ಇದರ ಒಂದು ವಿಚಿತ್ರ ರೂಪ ಗೊತ್ತು. ಎಲ್ಲೋ ಒಂದು ಹಾಡು ಮುಗಿಯುತ್ತದೆ, ಮುಂದಿನ ಹಾಡಿನ ಮೊದಲ ಸ್ವರ ತಲೆಯೊಳಗೆ ತಾನಾಗಿ ಶುರುವಾಗುತ್ತದೆ. ಮನೆಯ ಕ್ಯಾಸೆಟ್‌ನಲ್ಲಿ ಅವು ಹಾಗೆ ಒಂದರ ಹಿಂದೊಂದು ಇದ್ದವು. ಟೇಪು ಸಿಕ್ಕಿಹಾಕಿಕೊಂಡು ಸುಕ್ಕಾದ ಕಡೆ ದನಿ ಒಂದು ಗುಟುಕು ಮುಳುಗಿ ಏಳುತ್ತಿತ್ತು. ಈಗ ಅದೇ ಹಾಡನ್ನು ಮೊಬೈಲ್‌ನಲ್ಲಿ ನುಣುಪಾಗಿ ಕೇಳುವಾಗಲೂ ಅಲ್ಲಿ ಕಿವಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ಅದೇ ಹಾಡನ್ನು ಲಕ್ಷಾಂತರ ಜನ ಕೇಳಿದ್ದಾರೆ, ಆ ಸುಕ್ಕು ಮಾತ್ರ ಒಂದು ಮನೆಯದು.

ಇಷ್ಟೆಲ್ಲ ಹೇಳಿದ ಮೇಲೆ ಬಾಲ್ಯದ ಸಂಗೀತವೇ ಹಣೆಬರಹ ಎಂದು ತೀರ್ಮಾನಿಸುವುದು ಸುಲಭ. ಹಾಗಿಲ್ಲ. ಸ್ವೀಡನ್ನಿನ ಒಂಬತ್ತು ಸಾವಿರಕ್ಕೂ ಹೆಚ್ಚು ಅವಳಿಗಳ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ, ಸಂಗೀತದಿಂದ ಎಷ್ಟು ಆನಂದ ಪಡೆಯುತ್ತೇವೆ ಎಂಬುದರಲ್ಲಿ ಜನರ ನಡುವಿನ ವ್ಯತ್ಯಾಸದ ಸುಮಾರು ಶೇ 54ರಷ್ಟು ವಂಶವಾಹಿಗಳಿಗೆ ಸೇರಿದ್ದು ಎಂದಿದೆ. ಯಾವ ಹಾಡಿನಿಂದ ಎಂಬುದನ್ನು ವಂಶವಾಹಿ ಹೇಳಲಾರದು, ಆದರೆ ಒಂದೇ ಮನೆಯಲ್ಲಿ ಒಂದೇ ಹಾಡು ಕೇಳಿ ಬೆಳೆದ ಇಬ್ಬರಲ್ಲಿ ಒಬ್ಬರಿಗೆ ಕಣ್ಣು ತುಂಬಿ ಇನ್ನೊಬ್ಬರಿಗೆ ಏನೂ ಅನ್ನಿಸದಿರಲು ಅದೂ ಕಾರಣ. ಇನ್ನೊಂದು ಮಾತು. ಎಲ್ಲರ ಬಾಲ್ಯದ ಹಾಡೂ ಹಿತವಾದದ್ದಲ್ಲ. ಕುಡಿದು ಬರುವ ತಂದೆ ಬಾಗಿಲಲ್ಲಿ ಗುನುಗುತ್ತಿದ್ದ ಧಾಟಿ ಕೇಳಿದರೆ ಐವತ್ತರ ವಯಸ್ಸಿನಲ್ಲೂ ಹೊಟ್ಟೆ ಹಿಂಡುವವರಿದ್ದಾರೆ. ಅವರ ಅಸ್ಮಿತೆಯನ್ನೂ ಆ ಹಾಡು ರೂಪಿಸಿದೆ, ಅದರಿಂದ ದೂರ ನಡೆದ ದಾರಿಯಾಗಿ. ಮಧುರ ಬಾಲ್ಯ ಎನ್ನುವ ಸಿದ್ಧ ಮಾತನ್ನು ಈ ವಿಷಯದಲ್ಲಿ ಎಲ್ಲರ ಮೇಲೂ ಹೊದಿಸಬಾರದು.

ಹಾಗಾದರೆ ಈಗ ಏನು ಬದಲಾಗುತ್ತಿದೆ? 1979ರಲ್ಲಿ ವಾಕ್‌ಮನ್ ಬಂತು, 2001ರಲ್ಲಿ ಐಪಾಡ್, ಆಮೇಲೆ ಎಲ್ಲವೂ ಮೊಬೈಲಿನೊಳಕ್ಕೆ ಇಳಿಯಿತು. ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಹಾಡು ಕೇಳುವುದು ಈಗ ಸಹಜ. ಇದರಿಂದ ಸಂಗೀತ ಕಡಿಮೆಯಾಗಿಲ್ಲ, ಹಿಂದೆಂದಿಗಿಂತ ಹೆಚ್ಚಾಗಿದೆ. ಹೋದದ್ದು ಬೇಡದೆ ಕಿವಿಗೆ ಬೀಳುವ ಹಾಡು. ಅಪ್ಪ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾತ್ರೆ ತೊಳೆದರೆ ಪಕ್ಕದಲ್ಲಿ ಆಡುವ ಮಗುವಿಗೆ ಕೇಳಿಸುವುದು ನಲ್ಲಿಯ ಸದ್ದು ಮಾತ್ರ. ಈ ತಲೆಮಾರು ಬೆಳೆದು ದೊಡ್ಡದಾದಾಗ ಕ್ರಮ್‌ಹ್ಯಾನ್ಸಲ್ ಕಂಡ ಎರಡನೆಯ ಉಬ್ಬು ಉಳಿದಿರುತ್ತದೆಯೇ ಎಂಬುದು ನನ್ನ ಕುತೂಹಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವ್ಯಾಲೆಸ್ ಮತ್ತು ಹಾರ್ವುಡ್ 2018ರಲ್ಲಿ ಯುವಜನರನ್ನು ಕೇಳಿ ನೋಡಿದಾಗ, ಹೆತ್ತವರೊಂದಿಗೆ ಒಟ್ಟಿಗೆ ಸಂಗೀತ ಕೇಳಿದ, ಸಂಗೀತ ಕಛೇರಿಗೆ ಹೋದ, ಹಾಡಿದ ನೆನಪಿದ್ದವರು ಅವರೊಂದಿಗಿನ ನಂಟನ್ನು ಹೆಚ್ಚು ಗಟ್ಟಿ ಎಂದರು. ಹದಿಹರೆಯದಲ್ಲಿ ಒಟ್ಟಿಗೆ ಕೇಳಿದ್ದರ ತೂಕ ಇನ್ನೂ ಹೆಚ್ಚಿತ್ತು. ನಂಟು ಚೆನ್ನಾಗಿದ್ದುದರಿಂದಲೇ ಒಟ್ಟಿಗೆ ಕೇಳಿದರೋ ಏನೋ, ಅಂಥ ಸಮೀಕ್ಷೆಯಿಂದ ಕಾರಣ ಯಾವುದು ಕಾರ್ಯ ಯಾವುದು ಎಂದು ಬಿಡಿಸಲಾಗದು.

ಆ್ಯಪ್‌ನ ಅಲ್ಗಾರಿದಮ್ ಮೇಲೆ ಎಲ್ಲ ದೋಷ ಹೊರಿಸುವ ಬರಹಗಳನ್ನು ನಾನು ಅರ್ಧದಲ್ಲೇ ಬಿಡುತ್ತೇನೆ. ಅದು ಮಾಡುವುದು ಇಷ್ಟೇ: ನೀವು ಕೇಳಿದ್ದರ ಹತ್ತಿರದ್ದನ್ನೇ ಮತ್ತೆ ಬಡಿಸುವುದು. ಎಂದರೆ ರುಚಿಯನ್ನು ಅದು ಬಲ್ಲದು. ಮನೆಯ ಹಾಡಿಗೆ ರುಚಿಯ ಹಂಗಿರಲಿಲ್ಲ, ಅಲ್ಲೇ ವ್ಯತ್ಯಾಸ. ‘ಬೇಬಿ ಶಾರ್ಕ್’ ಎಂಬ ಮಕ್ಕಳ ಹಾಡು 2022ರ ಜನವರಿಯಲ್ಲಿ ಯೂಟ್ಯೂಬ್‌ನಲ್ಲಿ ಸಾವಿರ ಕೋಟಿ ವೀಕ್ಷಣೆ ದಾಟಿತು, ಹಾಗೆ ದಾಟಿದ ಮೊದಲ ವೀಡಿಯೊ ಅದು. ಭೂಮಿಯ ಮೇಲಿನ ಅಷ್ಟೊಂದು ಮಕ್ಕಳಿಗೆ ಒಂದೇ ಹಾಡು ಗೊತ್ತಿರುವುದು ಇತಿಹಾಸದಲ್ಲಿ ಹಿಂದೆ ಆಗಿರಲಾರದು. ಸೊಲೆ ಮತ್ತು ಸ್ಪೆಲ್ಕೆಯವರ ಮಕ್ಕಳ ಲೆಕ್ಕದಲ್ಲಿ ಇವರೆಲ್ಲ ಒಬ್ಬರಿಗೊಬ್ಬರು ಗೆಳೆಯರಾಗಲು ಅರ್ಹರು, ಅದು ಒಳ್ಳೆಯದೇ. ಮೆಹರ್ ಅವರ ಕೂಸುಗಳ ಲೆಕ್ಕದಲ್ಲಿ ಅದು ಆಟಿಕೆಯ ಹಾಡು, ನೆನಪಿರುತ್ತದೆ, ಯಾರನ್ನೂ ತೋರಿಸುವುದಿಲ್ಲ. ಪರದೆಯ ಮುಂದೆ ಮಗುವಿನ ಪಕ್ಕ ಕುಳಿತು ದೊಡ್ಡವರೊಬ್ಬರು ಕೈ ತಿರುಗಿಸುತ್ತ ಬೇಸುರಾಗಿ ಹಾಡಿದರೆ ಲೆಕ್ಕ ಬದಲಾಗಬಹುದು ಎಂದು ನನಗನ್ನಿಸುತ್ತದೆ.

ಈ ಎಲ್ಲದರ ಇನ್ನೊಂದು ತುದಿ ಇಳಿವಯಸ್ಸಿನಲ್ಲಿದೆ. ಅಲ್‌ಝೈಮರ್ ಕಾಯಿಲೆಯಲ್ಲಿ ಮಕ್ಕಳ ಹೆಸರು ಮರೆತವರು ಹಳೆಯ ಹಾಡನ್ನು ಪೂರ್ತಿ ಹಾಡುವುದುಂಟು. ಚಿರಪರಿಚಿತ ಸಂಗೀತಕ್ಕೆ ಸ್ಪಂದಿಸುವ ಮಿದುಳಿನ ಭಾಗಗಳು ಈ ರೋಗದಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಸವೆಯುತ್ತವೆ ಎಂದು 2015ರಲ್ಲಿ ಲೈಪ್‌ಝಿಗ್‌ನ ಸಂಶೋಧಕರು ತೋರಿಸಿದ್ದಾರೆ. ಆರೈಕೆ ಮಾಡುವವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ: ‘ಹಳೆಯ ಹಾಡು’ ಎಂದು ತಮಗೆ ಹಳೆಯದೆನಿಸುವುದನ್ನು ಹಾಕುತ್ತಾರೆ. ರೋಗಿಯ ಹುಟ್ಟಿದ ವರ್ಷಕ್ಕೆ ಹತ್ತು ಹದಿನೈದು ಕೂಡಿಸಿ ಹುಡುಕಿದರೆ ಹದಿಹರೆಯದ ಹಾಡು ಸಿಕ್ಕೀತು. ಅದಕ್ಕೂ ಹಿಂದಿನದು ಬೇಕಾದರೆ ಧ್ವನಿಮುದ್ರಿಕೆಗಳಲ್ಲಿ ಹುಡುಕಿ ಫಲವಿಲ್ಲ, ಅವರಿಗೆ ನೆನಪಿರುವಾಗಲೇ ಕೇಳಿಟ್ಟುಕೊಳ್ಳಬೇಕು.

ಅಮ್ಮನಿಗೆ ಎಪ್ಪತ್ತು ದಾಟಿದೆ, ನೆನಪು ಗಟ್ಟಿಯಾಗಿಯೇ ಇದೆ. ಆದರೂ ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ, ಚಿಕ್ಕವಳಿದ್ದಾಗ ನಿನ್ನ ಅಮ್ಮ ಏನು ಹಾಡುತ್ತಿದ್ದಳು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹಾಡು ಹಾಡಿದಳು. ನಾನು ಅದುವರೆಗೆ ಕೇಳಿಯೇ ಇರದ ಹಾಡು. ಎಲ್ಲೂ ತಡವರಿಸಲಿಲ್ಲ, ಗುನುಗಿ ದಾಟಲಿಲ್ಲ, ನಾಲ್ಕು ಚರಣಗಳ ಪ್ರತಿ ಮಾತೂ ಇತ್ತು. ಇಷ್ಟು ಚೆನ್ನಾಗಿ ಬರುವುದನ್ನು ಬಿಟ್ಟು ನನಗೆ ಆ ಅರ್ಧಂಬರ್ಧ ಹಾಡನ್ನೇ ಏಕೆ ಹಾಡಿದೆ ಎಂದೆ.

“ಇದನ್ನು ಶುರು ಮಾಡಿದರೆ ಸಾಕು, ನೀನು ಕಿಟಾರನೆ ಕಿರುಚುತ್ತಿದ್ದೆ” ಎಂದಳು. “ಅದಕ್ಕೇ ಬಿಟ್ಟೆ.”